‘ಊಟ ಆಯ್ತಾ ವೈನಿ?’: ಒಂದು ಮೆಸೇಜಿನ ಹಿಂದಿನ ಚರಿತ್ರೆ

ರಾತ್ರಿ ಹತ್ತೂವರೆಗೆ ಫೋನು ಸದ್ದು ಮಾಡುತ್ತದೆ. ‘ಊಟ ಆಯ್ತಾ ವೈನಿ?’ ಬರೆದವನು ಗಂಡನ ಗೆಳೆಯನಿರಬಹುದು, ಸಂಘದ ಗ್ರೂಪಿನಿಂದ ನಂಬರ್ ಎತ್ತಿಕೊಂಡ ಯಾರೋ ಇರಬಹುದು. ಬೀದರ್, ಭಾಲ್ಕಿ, ಔರಾದ, ಎಲ್ಲಿ ಹೋದರೂ ಮದುವೆಯಾದ ಹೆಣ್ಣುಮಕ್ಕಳು ನಮಗೆ ಹೇಳುವ ಕಥೆ ಹೀಗೇ ಶುರುವಾಗುತ್ತದೆ. ಮುಗಿಯುವುದೂ ಹೆಚ್ಚುಕಡಿಮೆ ಒಂದೇ ಥರ. ಕಳಿಸಿದವನ ಫೋನು ಅವನ ಕೈಯಲ್ಲೇ ಇರುತ್ತದೆ, ಇವಳ ಫೋನು ಕಪಾಟು ಸೇರುತ್ತದೆ.

ಔರಾದ ತಾಲ್ಲೂಕಿನ ಒಬ್ಬ ಅಕ್ಕನಿಗೆ ಹೀಗೇ ಆಯಿತು. ಗಂಡ ಹೈದರಾಬಾದಿನಲ್ಲಿ ಡ್ರೈವರ್. ದೂರದ ನೆಂಟನೊಬ್ಬ ದಿನಾ ಮೆಸೇಜು ಮಾಡುತ್ತಿದ್ದ. ಮೊದಲೆರಡು ಸಲ ಅಕ್ಕ ಮರ್ಯಾದೆಗೆ ಉತ್ತರ ಕೊಟ್ಟರು, ಮೂರನೆಯ ಸಲ ‘ಹೀಗೆ ಬರೀಬ್ಯಾಡ್ರಿ’ ಎಂದರು. ಸಿಟ್ಟಾದ ಆತ ಮೊದಲಿನ ಎರಡು ಉತ್ತರವನ್ನಷ್ಟೇ ಸ್ಕ್ರೀನ್‌ಶಾಟ್ ತೆಗೆದು ಗಂಡನಿಗೆ ಕಳಿಸಿದ. ‘ಏನೂ ಕೇಳಲಿಲ್ಲರಿ, ಊರಿಗಿ ಬಂದವರೇ ಫೋನ್ ಕಸ್ಕೊಂಡ್ರು’ ಎಂದರು ಅಕ್ಕ. ನಾಲ್ಕು ತಿಂಗಳು ಸಂಘದ ಲೆಕ್ಕ, ಬ್ಯಾಂಕಿನ ಓಟಿಪಿ, ಮಕ್ಕಳ ಶಾಲೆಯ ಸುದ್ದಿ ಎಲ್ಲಕ್ಕೂ ಅತ್ತೆಯ ಮುಂದೆ ಕೈಚಾಚಬೇಕಾಯಿತು.

ಕಾಗದದ ಮೇಲಿನ ಗುರುತು ನೋಡಿ, ವಿಚಾರಣೆ ಇಲ್ಲದೆ ತೀರ್ಪು ಕೊಡುವುದು ನಮ್ಮ ಬೀದರಿಗೆ ಹೊಸದೇನಲ್ಲ. ನೀವು ಬೀದರ್ ಕೋಟೆಗೆ ಹೋಗುವ ದಾರಿಯಲ್ಲಿ ಅರ್ಧ ಉರುಳಿದ ಮದರಸಾ ನೋಡಿರುತ್ತೀರಿ. ಅದನ್ನು 1472ರಲ್ಲಿ ಕಟ್ಟಿಸಿದ ಮಹಮೂದ್ ಗವಾನ್ ಬಹಮನಿ ರಾಜ್ಯದ ಪ್ರಧಾನಿ. ಅವನ ಏಳಿಗೆ ಸಹಿಸದವರು ಅವನ ಮೊಹರು ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಮೊಹರು ಒತ್ತಿಸಿದರು. ಆಮೇಲೆ ಅದರಲ್ಲಿ, ಒಡಿಶಾದ ರಾಜನನ್ನು ದಂಡೆತ್ತಿ ಬಾ ಎಂದು ಕರೆದ ಹಾಗೆ ಬರೆದರು. ಮೊಹರು ಅಸಲಿ, ಮಾತು ನಕಲಿ. ಕುಡಿದ ಅಮಲಿನಲ್ಲಿದ್ದ ಸುಲ್ತಾನ ಮೂರನೇ ಮುಹಮ್ಮದ್ ಕಾಗದ ತೋರಿಸಿದ. ಮೊಹರು ನನ್ನದು, ಬರಹ ನನ್ನದಲ್ಲ ಎಂದ ಗವಾನ್. ಸುಲ್ತಾನ ಕೇಳಲಿಲ್ಲ. 1481ರ ಏಪ್ರಿಲಿನಲ್ಲಿ ಮುದುಕನ ತಲೆ ಹೋಯಿತು. ನಿಜ ತಿಳಿದು ಕೊರಗಿದ ಸುಲ್ತಾನನೂ ಮರುವರ್ಷವೇ ಸತ್ತ. ಅಲ್ಲಿಂದ ಮುಂದೆ ರಾಜ್ಯ ಒಡೆದು ಐದು ಹೋಳಾಯಿತು.

ಅಕ್ಕನ ಸ್ಕ್ರೀನ್‌ಶಾಟೂ ಅಂಥದ್ದೇ. ನಂಬರು ಅವರದೇ, ಅಕ್ಷರವೂ ಅವರದೇ, ಕತ್ತರಿಸಿದವನು ಬೇರೆ.

ಹಾಗಂತ ಹಿಂದಿನ ಕಾಲದಲ್ಲಿ ಚೇಷ್ಟೆ ಇರಲಿಲ್ಲವೆಂದಲ್ಲ. ಮೈದುನ ವೈನಿಯನ್ನು ರೇಗಿಸುವುದು, ಮದುವೆಯಲ್ಲಿ ಹೆಂಗಸರು ಬೀಗರನ್ನು ಹಾಡಿನಲ್ಲಿ ಹಂಗಿಸುವುದು, ಎಲ್ಲ ಇತ್ತು. ಈಗಿನ ಮೆಸೇಜಿಗಿಂತ ಖಾರವಾದ ಮಾತೂ ಅಲ್ಲಿರುತ್ತಿತ್ತು. ಆದರೆ ಅದು ಹಗಲು ಹೊತ್ತು, ಅಂಗಳದಲ್ಲಿ, ಹತ್ತು ಜನರ ಕಿವಿಯ ಮುಂದೆ. ಮಾತು ಮೇರೆ ಮೀರಿದರೆ ಅಜ್ಜಿಯೊಬ್ಬಳು ಕೆಮ್ಮಿದರೆ ಸಾಕಿತ್ತು.

ಎಸ್‌ಟಿಡಿ ಬೂತಿನ ಕಾಲದಲ್ಲೂ ಕಿವಿಗಳಿದ್ದವು. ಭಾಲ್ಕಿಯಿಂದ ಪುಣೆಗೆ ದುಡಿಯಲು ಹೋದ ಗಂಡನ ಜೊತೆ ಮಾತಾಡುವುದೆಂದರೆ ಬೂತಿನವನೂ ಸರದಿಯಲ್ಲಿ ನಿಂತವರೂ ಕೇಳಿಸಿಕೊಳ್ಳುತ್ತಿದ್ದರು. ಗಂಡನ ಹತ್ತಿರ ಒಂದು ಒಳ್ಳೆ ಮಾತಾಡಲೂ ಆಗುತ್ತಿರಲಿಲ್ಲ, ಆ ಕಾಲವೇ ಚೆಂದವಿತ್ತೆಂದು ನಾವು ಹೇಳುವುದಿಲ್ಲ. 2003ರಲ್ಲಿ ಮೊಬೈಲಿಗೆ ಬರುವ ಕರೆ ಉಚಿತವಾಯಿತು. ಮಿಸ್ಡ್ ಕಾಲ್, ‘ರಾಂಗ್ ನಂಬರ್’ ನೆಪದ ಮಾತು ಶುರುವಾದವು. 2016ರಲ್ಲಿ ಜಿಯೋ ಬಂದ ಮೇಲೆ ಅಗ್ಗದ ಇಂಟರ್ನೆಟ್ ತಾಂಡಾದವರೆಗೂ ಹೋಯಿತು. ಅಂಗಳದ ಮಾತು ಹಾಸಿಗೆಯ ಪಕ್ಕಕ್ಕೆ ಬಂತು. ಕೆಮ್ಮುವ ಅಜ್ಜಿ ಅಲ್ಲಿಲ್ಲ.

ಇನ್ನು ಕಾನೂನು. 1860ರ ದಂಡ ಸಂಹಿತೆಯ 497ನೇ ಕಲಂ ಪ್ರಕಾರ ಇನ್ನೊಬ್ಬನ ಹೆಂಡತಿಯೊಡನೆ ಸಂಬಂಧ ಇಟ್ಟುಕೊಂಡ ಗಂಡಸಿಗೆ ಐದು ವರ್ಷದವರೆಗೆ ಜೈಲು. ಕೇಳಲು ಸರಿಯೇ ಅನಿಸುತ್ತದೆ. ಒಳಗೆ ನೋಡಿರಿ: ಆಕೆಯ ಗಂಡ ಒಪ್ಪಿದ್ದರೆ ಅದು ಅಪರಾಧವೇ ಅಲ್ಲ. ತನ್ನ ಗಂಡ ದಾರಿ ತಪ್ಪಿದರೆ ಹೆಂಡತಿ ಈ ಕಲಮಿನಡಿ ದೂರು ಕೊಡುವಂತಿರಲಿಲ್ಲ. ಹೊಲದ ಬದು ಒತ್ತಿದರೆ ಮಾಲೀಕ ದೂರು ಕೊಟ್ಟಂತೆ ಅದು. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, ಗಂಡ ಹೆಂಡತಿಯ ಒಡೆಯನಲ್ಲ ಎಂದು ಹೇಳಿ ಅದನ್ನು ರದ್ದು ಮಾಡಿದರು. ವಿಚ್ಛೇದನ ಕೇಳಲು ಅದು ಈಗಲೂ ಕಾರಣವಾಗುತ್ತದೆ, ಜೈಲು ಮಾತ್ರ ಇಲ್ಲ.

ಅದೇ 2018ರ ಜುಲೈನಲ್ಲಿ ಔರಾದ ತಾಲ್ಲೂಕಿನ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ಸುದ್ದಿ ನಂಬಿದ ಗುಂಪು ಹೈದರಾಬಾದಿನ ಒಬ್ಬ ಯುವಕನನ್ನು ಹೊಡೆದು ಕೊಂದಿತು. ಅದಾದ ಕೆಲವೇ ದಿನಗಳಲ್ಲಿ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಮೆಸೇಜನ್ನು ಐದಕ್ಕಿಂತ ಹೆಚ್ಚು ಕಡೆ ಒಮ್ಮೆಲೇ ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು. ಹೆಣ್ಣಿನ ಮೇಲಿನ ಅಪವಾದಕ್ಕೆ ಐದು ಮನೆಯೂ ಬೇಕಿಲ್ಲ, ಒಂದು ಸಾಕು.

ಬೇಡವೆಂದ ಮೇಲೂ ಬೆನ್ನು ಬಿಡದವನ ಮೇಲೆ 2013ರಿಂದ ಕಾನೂನಿದೆ. ಹೆಣ್ಣು ಸ್ಪಷ್ಟವಾಗಿ ಬೇಡವೆಂದರೂ ಮತ್ತೆ ಮತ್ತೆ ಸಂಪರ್ಕಿಸುವುದು, ಇಂಟರ್ನೆಟ್ಟಿನಲ್ಲಿ ಆಕೆಯ ಮೇಲೆ ಕಣ್ಣಿಡುವುದು ಅಪರಾಧ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೇ ಕಲಂ. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಶಿಕ್ಷೆ. ಆದ್ದರಿಂದ ‘ಬೇಡ’ ಎಂದು ಬರೆದದ್ದನ್ನು ಅಳಿಸಬೇಡಿ, ಅವನ ಮೆಸೇಜನ್ನೂ ಅಳಿಸಬೇಡಿ. ಹೆದರಿಕೆಯಿಂದ ಎಲ್ಲ ಡಿಲೀಟ್ ಮಾಡಿದರೆ ಉಳಿಯುವುದು ಅವನು ಕತ್ತರಿಸಿದ್ದೊಂದೇ. ಮಹಿಳಾ ಸಹಾಯವಾಣಿ 181, ಜೀವಭಯವಿದ್ದರೆ 112.

ಅಕ್ಕನ ಕಥೆಗೆ ಬರೋಣ. ಅವರು ಏನೂ ಅಳಿಸಿರಲಿಲ್ಲ. ದೀಪಾವಳಿಗೆ ಬಂದ ಗಂಡ ಕೊನೆಗೂ ಕಪಾಟಿನ ಫೋನಿಗೆ ಚಾರ್ಜ್ ಹಾಕಿ ಪೂರಾ ಓದಿದರು. ಬಹಳ ಹೊತ್ತು ಸುಮ್ಮನೆ ಕೂತರಂತೆ. ಆಮೇಲೆ ಇಬ್ಬರೂ ಒಂದು ಮಾತಿಗೆ ಬಂದರು. ಒಬ್ಬರ ಫೋನ್ ಇನ್ನೊಬ್ಬರು ಕಸಿಯುವುದಿಲ್ಲ. ಕೆಲಸವಿಲ್ಲದೆ ರಾತ್ರಿ ಯಾರು ಬರೆದರೂ ಮರುದಿನ ಬೆಳಗ್ಗೆ ಇನ್ನೊಬ್ಬರಿಗೆ ಹೇಳುವುದು. ‘ಈ ಮಾತು ಅವರಿಗೂ ಅದರಿ, ನನಗಷ್ಟೇ ಅಲ್ಲ’ ಎಂದು ಅಕ್ಕ ಎರಡು ಸಲ ಹೇಳಿದರು. ಗಂಡನೂ ಒಮ್ಮೆ ಹೇಳಬೇಕಾಯಿತಂತೆ. ಏನೆಂದು ನಾವು ಕೇಳಲಿಲ್ಲ.

ಈಗಲೂ ಯಾವುದೋ ನಂಬರಿನಿಂದ ‘ಊಟ ಆಯ್ತಾ’ ಬರುತ್ತಿರುತ್ತದೆ. ಬೆಳಗ್ಗೆ ಹೈದರಾಬಾದಿಗೆ ಫೋನು ಹಚ್ಚಿದಾಗ ಅಕ್ಕ ಅದನ್ನು ಗಂಡನಿಗೆ ಜೋರಾಗಿ ಓದುತ್ತಾರೆ. ಪಕ್ಕದಲ್ಲಿ ಕೂತ ಅತ್ತೆಗೂ ಕೇಳಿಸುತ್ತದೆ.