ಬರ್ಲಿನ್ ವಿದ್ವತ್ಸಭೆಯ ಪ್ರಶ್ನೆಯೂ ಫ್ರೆಂಚು ಭಾಷೆಯ ಪ್ರಸಾರವೂ

ಪ್ರಷ್ಯ ದೇಶದ ರಾಜಾಶ್ರಯವನ್ನು ಪಡೆದಿದ್ದ ಬರ್ಲಿನ್ ವಿದ್ವತ್ಸಭೆಯು ಕ್ರಿ. ಶ. 1782ರಲ್ಲಿ ಯೂರೋಪಿನ ಪಂಡಿತರ ಮುಂದೆ ಮೂರು ಭಾಗಗಳುಳ್ಳ ಒಂದು ಪ್ರಶ್ನೆಯನ್ನಿಟ್ಟು, ಸರಿಯಾದ ಉತ್ತರವನ್ನು ಬರೆದವರಿಗೆ ಪಾರಿತೋಷಕವನ್ನು ಕೊಡುವುದಾಗಿ ಸಾರಿತು. ಫ್ರೆಂಚು ಭಾಷೆಯು ಸಾರ್ವತ್ರಿಕ ಭಾಷೆಯಾದುದು ಏತರಿಂದ, ಆ ಹಿರಿಮೆಗೆ ಅದು ಅರ್ಹವಾಗಿರುವುದು ಏಕೆ, ಮುಂದೆಯೂ ಅದನ್ನು ಉಳಿಸಿಕೊಳ್ಳಬಲ್ಲುದೇ ಎಂಬುದು ಆ ಪ್ರಶ್ನೆಯ ತಾತ್ಪರ್ಯ. ಮೊದಲನೆಯ ಭಾಗವು ಇತಿಹಾಸಕ್ಕೆ ಸೇರಿದುದು. ಎರಡನೆಯದಾದರೋ ಅರ್ಹತೆಯನ್ನು ಮೊದಲೇ ಒಪ್ಪಿಕೊಂಡು ಅದಕ್ಕೆ ಕಾರಣವನ್ನು ಮಾತ್ರ ಕೇಳುತ್ತದೆ. ಹರಡಿದ ಭಾಷೆಯು ಹರಡಲು ತಕ್ಕುದಾಗಿಯೇ ಇರಬೇಕೆಂಬ ನಂಬಿಕೆ ಅದರಲ್ಲಿ ಅಡಗಿದೆ. ಜರ್ಮನರ ನಾಡಿನಲ್ಲಿ, ಜರ್ಮನ್ ಅರಸನ ಆಶ್ರಯದಲ್ಲಿ, ಫ್ರೆಂಚಿನಲ್ಲಿಯೇ ಕೇಳಲ್ಪಟ್ಟ ಈ ಪ್ರಶ್ನೆಯಲ್ಲಿ ಅಂಥ ನಂಬಿಕೆ ಇದ್ದುದು ಆಶ್ಚರ್ಯವಲ್ಲ. ಆದರೆ ಆ ನಂಬಿಕೆಯನ್ನು ಬದಿಗಿಟ್ಟು ನೋಡಿದರೆ ಬರ್ಲಿನ್ನಿಗೆ ಫ್ರೆಂಚು ಬಂದ ಬಗೆಯೇ ಬೇರೆಯಾಗಿ ತೋರುವುದು.

ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಯು 1685ರಲ್ಲಿ ನಾಂಟ್ ಶಾಸನವನ್ನು ರದ್ದುಮಾಡಿ, ಪ್ರಾಟೆಸ್ಟೆಂಟ್ ಪಂಥದವರಿಗಿದ್ದ ರಕ್ಷಣೆಯನ್ನು ತೆಗೆದುಹಾಕಿದನು. ಹ್ಯೂಗೆನಾಟರೆಂದು ಹೆಸರಾದ ಆ ಪಂಥದವರಲ್ಲಿ ಸುಮಾರು ಎರಡು ಲಕ್ಷ ಜನರು ದೇಶವನ್ನು ಬಿಟ್ಟು ಹಾಲೆಂಡ್, ಇಂಗ್ಲೆಂಡ್, ಸ್ವಿಟ್ಜರ್ಲೆಂಡ್ ಮತ್ತು ಜರ್ಮನ್ ಸಂಸ್ಥಾನಗಳನ್ನು ಸೇರಿದರು. ಕೆಲವೇ ವಾರಗಳೊಳಗಾಗಿ ಬ್ರಾಂಡೆನ್‌ಬುರ್ಗ್ ಸಂಸ್ಥಾನದ ಅಧಿಪತಿಯಾದ ಫ್ರೆಡರಿಕ್ ವಿಲಿಯಮ್ ಪಾಟ್ಸ್‌ಡ್ಯಾಮಿನಿಂದ ಒಂದು ಶಾಸನವನ್ನು ಹೊರಡಿಸಿ, ನಿರಾಶ್ರಿತರಿಗೆ ನೆಲೆಯನ್ನೂ ಸವಲತ್ತುಗಳನ್ನೂ ಕೊಡುವುದಾಗಿ ಕರೆದನು. ಮೂವತ್ತು ವರ್ಷಗಳ ಯುದ್ಧದಲ್ಲಿ ಹಾಳಾಗಿದ್ದ ಆ ಸೀಮೆಗೆ ಕೈಕಸಬು ಬಲ್ಲವರ ಅಗತ್ಯವಿದ್ದಿತು. ದಯೆಯ ಜೊತೆಗೆ ಲೆಕ್ಕಾಚಾರವೂ ಇದ್ದಿತೆಂದು ಹೇಳಬೇಕು. ಹೀಗೆ ಬಂದವರು ಸುಮಾರು 20,000 ಮಂದಿ. 1700ರ ಹೊತ್ತಿಗೆ ಬರ್ಲಿನ್ನಿನ ನಿವಾಸಿಗಳಲ್ಲಿ ಹೆಚ್ಚುಕಡಿಮೆ ಐದರಲ್ಲೊಬ್ಬರು ಫ್ರೆಂಚರಾಗಿದ್ದರು. ಅವರಿಗೆಂದು 1689ರಲ್ಲಿ ಫ್ರೆಂಚು ವಿದ್ಯಾಶಾಲೆ ಸ್ಥಾಪಿತವಾಯಿತು. 1701ರಿಂದ 1705ರವರೆಗೆ ಅವರ ದೇವಾಲಯವು ಕಟ್ಟಲ್ಪಟ್ಟಿತು. ಆ ಶಾಲೆ ಇಂದಿಗೂ ಬರ್ಲಿನ್ನಿನಲ್ಲಿ ಫ್ರೆಂಚಿನಲ್ಲಿ ಪಾಠ ಹೇಳುತ್ತಿದೆ.

ಇವರಲ್ಲಿ ದಕ್ಷಿಣ ಫ್ರಾನ್ಸಿನಿಂದ ಬಂದವರ ಮನೆಮಾತು ಪ್ಯಾರಿಸ್ಸಿನ ಫ್ರೆಂಚಾಗಿರಲಿಲ್ಲ. ಅಲ್ಲಿಯ ದೇಶ್ಯ ಭಾಷೆಗಳಾಗಿದ್ದಿತು. ಆದರೂ ಅವರ ಬೈಬಲು, ಸ್ತೋತ್ರಗಳು, ಧರ್ಮೋಪದೇಶ ಇವೆಲ್ಲವೂ ಫ್ರೆಂಚಿನಲ್ಲಿದ್ದುವು. ತಾಯ್ನಾಡನ್ನು ಕಳೆದುಕೊಂಡವರು ಪೂಜೆಯ ಭಾಷೆಯನ್ನು ಮಾತ್ರ ಬಿಡಲಿಲ್ಲ. ಅವರ ಮಕ್ಕಳೂ ಮೊಮ್ಮಕ್ಕಳೂ ಶ್ರೀಮಂತರ ಮನೆಗಳಲ್ಲಿ ಉಪಾಧ್ಯಾಯರಾದರು, ಪುಸ್ತಕ ವ್ಯಾಪಾರಿಗಳಾದರು, ಭಾಷಾಂತರಕಾರರಾದರು. ಹಾಲೆಂಡಿನಲ್ಲಿಯೂ ಇದೇ ಬಗೆ. ಪಿಯರ್ ಬೇಲ್ ಎಂಬ ಪಂಡಿತನು ರಾಟರ್‌ಡ್ಯಾಮಿನಲ್ಲಿ ನೆಲೆಸಿ 1684ರಲ್ಲಿ ಫ್ರೆಂಚು ವಿಮರ್ಶಾಪತ್ರಿಕೆಯೊಂದನ್ನು ಆರಂಭಿಸಿದನು. 1697ರಲ್ಲಿ ಅವನ ಮಹಾಕೋಶವು ಅಲ್ಲಿಯೇ ಅಚ್ಚಾಯಿತು. ಫ್ರಾನ್ಸಿನ ಸೈನ್ಯವೂ ರಾಯಭಾರಿಗಳೂ ತಮ್ಮ ಭಾಷೆಗೆ ಗಳಿಸಿಕೊಟ್ಟ ಪ್ರತಿಷ್ಠೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಭಾಷೆಯನ್ನು ಪರದೇಶದ ಮನೆಮನೆಯಲ್ಲಿ ಕಲಿಸಿದವರು, ಬಹುಮಟ್ಟಿಗೆ, ಆ ರಾಜ್ಯವು ಹೊರಗಟ್ಟಿದವರೇ.

ಈ ಭೂಮಿಕೆಯ ಮೇಲೆ ಎರಡನೆಯ ಫ್ರೆಡರಿಕ್ ದೊರೆಯು 1740ರಲ್ಲಿ ಪಟ್ಟಕ್ಕೆ ಬಂದನು. ಫ್ರೆಂಚಿನಲ್ಲಿಯೇ ಕವಿತೆಯನ್ನೂ ಇತಿಹಾಸವನ್ನೂ ಬರೆಯುತ್ತಿದ್ದ ಈತನು 1746ರಲ್ಲಿ ಮೋಪೆರ್ಟ್ವಿ ಎಂಬ ಫ್ರೆಂಚು ಗಣಿತಜ್ಞನನ್ನು ವಿದ್ವತ್ಸಭೆಯ ಅಧ್ಯಕ್ಷನನ್ನಾಗಿ ಮಾಡಿದನು. ಅದುವರೆಗೆ ಲ್ಯಾಟಿನ್ನಿನಲ್ಲಿ ಪ್ರಕಟವಾಗುತ್ತಿದ್ದ ಸಭೆಯ ಸಂಪುಟಗಳು ಅಂದಿನಿಂದ ಫ್ರೆಂಚಿನಲ್ಲಿ ಹೊರಟುವು. 1748ರಲ್ಲಿ ಸಭೆಯ ಕಾರ್ಯದರ್ಶಿಯಾದ ಫಾರ್ಮೇ ಬರ್ಲಿನ್ನಿನಲ್ಲಿ ಹುಟ್ಟಿದ ಹ್ಯೂಗೆನಾಟ್ ಮನೆತನದವನು. ವೊಲ್ಟೇರನು 1750ರಿಂದ 1753ರವರೆಗೆ ದೊರೆಯ ಅತಿಥಿಯಾಗಿದ್ದನು. ಪಾಟ್ಸ್‌ಡ್ಯಾಮಿನಲ್ಲಿ ತಾನು ಫ್ರಾನ್ಸಿನಲ್ಲಿಯೇ ಇರುವಂತೆ ಭಾಸವಾಗುತ್ತದೆಂದೂ, ಜರ್ಮನ್ ಭಾಷೆ ಸಿಪಾಯಿಗಳಿಗೂ ಕುದುರೆಗಳಿಗೂ ಮಾತ್ರ ಸಾಕೆಂದೂ ಆತನು ಗೆಳೆಯನಿಗೆ ಬರೆದನು. ಬೀದಿಯಲ್ಲಿ ಜರ್ಮನ್ ಮಾತನಾಡುತ್ತಿದ್ದ ಸಾವಿರಾರು ಜನರು ಆ ಅತಿಥಿಯ ಕಿವಿಗೆ ಬೀಳಲಿಲ್ಲವೆಂದು ತೋರುತ್ತದೆ.

ದೊರೆಗೂ ಅವರು ಕೇಳಿಸಿದಂತೆ ಕಾಣುವುದಿಲ್ಲ. 1780ರಲ್ಲಿ ಆತನು ಜರ್ಮನ್ ಸಾಹಿತ್ಯವನ್ನು ಕುರಿತು ಒಂದು ಪ್ರಬಂಧವನ್ನು ಫ್ರೆಂಚಿನಲ್ಲಿ ಬರೆದು, ಆ ಭಾಷೆ ಇನ್ನೂ ಒರಟು, ಅದರ ಶ್ರೇಷ್ಠ ಸಾಹಿತ್ಯವು ಮುಂದೆ ಹುಟ್ಟಬೇಕು ಎಂದು ತೀರ್ಪಿತ್ತನು. ಗಯಟೆಯ ‘ಗೋಟ್ಸ್’ ನಾಟಕವನ್ನು ಷೇಕ್ಸ್‌ಪಿಯರನ ಕೆಟ್ಟ ಅನುಕರಣವೆಂದು ಹಳಿದನು. ಆ ಹೊತ್ತಿಗೆ ಲೆಸಿಂಗನು ಫ್ರೆಂಚು ನಾಟಕ ನಿಯಮಗಳ ಆಧಿಪತ್ಯವನ್ನು ಪ್ರಶ್ನಿಸಿ ಹತ್ತು ವರ್ಷಗಳ ಮೇಲಾಗಿದ್ದುವು. ಮರುವರ್ಷವೇ, 1781ರಲ್ಲಿ, ಕಾಂಟನ ‘ಶುದ್ಧ ಬುದ್ಧಿಯ ವಿಮರ್ಶೆ’ಯೂ ಷಿಲ್ಲರನ ‘ದರೋಡೆಗಾರರು’ ನಾಟಕವೂ ಜರ್ಮನ್ನಿನಲ್ಲಿ ಪ್ರಕಟವಾದುವು. ಅದೇ ವರ್ಷ ಯೂಸ್ಟುಸ್ ಮೋಸರನು ದೊರೆಗೆ ವಿನಯದಿಂದಲೇ ಉತ್ತರವನ್ನು ಬರೆದು, ಪ್ರತಿಯೊಂದು ನಾಡೂ ತನ್ನ ಮಣ್ಣಿಗೆ ಒಗ್ಗುವುದನ್ನೇ ಬೆಳೆಯಬೇಕೆಂದು ವಾದಿಸಿದನು. ವಿದ್ವತ್ಸಭೆಯ ಪ್ರಶ್ನೆ ಹೊರಟುದು ಇವುಗಳ ಮರುವರ್ಷ.

1784ರಲ್ಲಿ ಪಾರಿತೋಷಕವನ್ನು ಇಬ್ಬರಿಗೆ ಹಂಚಲಾಯಿತು: ಫ್ರಾನ್ಸಿನ ರಿವರೋಲನಿಗೂ, ಷ್ಟುಟ್‌ಗಾರ್ಟಿನ ಪ್ರಾಧ್ಯಾಪಕನಾದ ಯೋಹಾನ್ ಕ್ರಿಸ್ಟೋಫ್ ಷ್ವಾಬನಿಗೂ. ಷ್ವಾಬನು ತನ್ನ ಪ್ರಬಂಧವನ್ನು ಜರ್ಮನ್ನಿನಲ್ಲಿ ಬರೆದಿದ್ದನು. ಕೀರ್ತಿಯು ರಿವರೋಲನಿಗೆ ಬಂದಿತು. ವಿಚಾರದ ತೂಕವು ಷ್ವಾಬನಲ್ಲಿ ಹೆಚ್ಚು.

ರಿವರೋಲನು ಯೂರೋಪಿನ ಭಾಷೆಗಳನ್ನು ಒಂದೊಂದಾಗಿ ಕರೆದು ನಿಲ್ಲಿಸಿ, ಜರ್ಮನ್, ಸ್ಪ್ಯಾನಿಷ್, ಇಟಾಲಿಯನ್, ಇಂಗ್ಲಿಷ್ ಇವುಗಳಲ್ಲಿ ಒಂದೊಂದು ಕೊರತೆಯನ್ನು ಕಂಡು, ಕೊನೆಗೆ ಫ್ರೆಂಚಿಗೆ ಪಟ್ಟವನ್ನು ಕಟ್ಟುತ್ತಾನೆ. ಅವನ ಮುಖ್ಯವಾದ ವಾದವು ವಾಕ್ಯರಚನೆಯನ್ನು ಕುರಿತದ್ದು. ಫ್ರೆಂಚಿನಲ್ಲಿ ಮೊದಲು ಕರ್ತೃ, ಆಮೇಲೆ ಕ್ರಿಯಾಪದ, ಆಮೇಲೆ ಕರ್ಮ. ಇದೇ ಬುದ್ಧಿಯ ಸಹಜಕ್ರಮ. ಇತರ ಭಾಷೆಗಳು ಭಾವೋದ್ವೇಗಕ್ಕೆ ವಶವಾಗಿ ಈ ಕ್ರಮವನ್ನು ಕದಡುತ್ತವೆ. ಆದುದರಿಂದ ಸ್ಪಷ್ಟತೆಯು ಫ್ರೆಂಚಿನ ಸ್ವಭಾವ ಎಂಬುದು ಅವನ ಮತ. ಈ ವಾದವು ಅವನ ಕಾಲಕ್ಕೆ ಹೊಸದೂ ಅಲ್ಲ, ನಿರ್ವಿವಾದವೂ ಅಲ್ಲ. ಲ್ಯಾಟಿನ್ನಿನ ಪದಕ್ರಮವೇ ಸಹಜ, ಫ್ರೆಂಚಿನದೇ ವಿಪರ್ಯಾಸವೆಂದು ಬಾಟೋ ಎಂಬ ಫ್ರೆಂಚು ಪಂಡಿತನೇ ಹೇಳಿದ್ದನು. 1751ರಲ್ಲಿ ದಿದರೋ ಫ್ರೆಂಚಿನ ಕ್ರಮವನ್ನು ಶಾಸ್ತ್ರಕ್ಕೆ ಉಚಿತವೆಂದು ಹೊಗಳಿದರೂ ಕಾವ್ಯಕ್ಕೆ ಗ್ರೀಕ್, ಲ್ಯಾಟಿನ್‌ಗಳೇ ಮೇಲೆಂದು ಬಗೆದಿದ್ದನು. ಕ್ರಿಯಾಪದವನ್ನು ವಾಕ್ಯದ ಕೊನೆಯಲ್ಲಿಟ್ಟೇ ಸಾವಿರಾರು ವರ್ಷಗಳಿಂದ ತಿಳಿಯಾಗಿ ಮಾತನಾಡುತ್ತ ಬಂದಿರುವ ಕನ್ನಡಿಗರಿಗೆ ಈ ಸಿದ್ಧಾಂತದ ದೌರ್ಬಲ್ಯವನ್ನು ವಿವರಿಸಬೇಕಾದುದಿಲ್ಲ. ತಾನು ಬಾಲ್ಯದಿಂದ ಬಳಸಿದ ಕ್ರಮವನ್ನು ಪ್ರಕೃತಿಯ ಕ್ರಮವೆಂದು ತಿಳಿಯುವುದು ವೈಯಾಕರಣರಲ್ಲಿ ಅಪೂರ್ವವಾದ ದೋಷವೇನೂ ಅಲ್ಲ.

ಷ್ವಾಬನು ಭಾಷೆಯ ಗುಣವನ್ನು ಒಪ್ಪಿಕೊಂಡರೂ ಅಲ್ಲಿಗೇ ನಿಲ್ಲುವುದಿಲ್ಲ. ಅದರೊಂದಿಗೆ ಆಡುವ ಜನಾಂಗದ ಸಂಸ್ಕೃತಿಯನ್ನೂ, ರಾಷ್ಟ್ರದ ರಾಜಕೀಯ ಪ್ರಾಬಲ್ಯವನ್ನೂ ಸೇರಿಸಿ, ಈ ಮೂರರ ಕೂಟದಿಂದ ಭಾಷೆಯು ಹರಡುವುದೆಂದು ತೋರಿಸುತ್ತಾನೆ. ಕಾರಣಗಳು ಕಾಲಾಧೀನವಾದುವೆಂದಾದರೆ ಫಲವೂ ಕಾಲಾಧೀನವೇ. ಸಭೆಯ ಎರಡನೆಯ ಪ್ರಶ್ನೆಯನ್ನು ಷ್ವಾಬನು ಹೀಗೆ ಸದ್ದಿಲ್ಲದೆ ಮೊದಲನೆಯದರೊಳಕ್ಕೆ ಸೇರಿಸಿಬಿಟ್ಟನು.

ಇಬ್ಬರೂ ನೋಡದೆ ಬಿಟ್ಟ ಒಂದು ಸಂಗತಿಯು ಹತ್ತು ವರ್ಷಗಳ ಮೇಲೆ ಬೆಳಕಿಗೆ ಬಂದಿತು. ಕ್ರಾಂತಿಯ ಕಾಲದಲ್ಲಿ, 1794ರ ಜೂನ್ ತಿಂಗಳಲ್ಲಿ, ಗ್ರೆಗ್ವಾರ್ ಎಂಬ ಪಾದ್ರಿಯು ಫ್ರಾನ್ಸಿನ ರಾಷ್ಟ್ರಸಭೆಗೆ ಒಂದು ವರದಿಯನ್ನೊಪ್ಪಿಸಿದನು. ಅದರ ಪ್ರಕಾರ ಕನಿಷ್ಠ 60 ಲಕ್ಷ ಫ್ರೆಂಚರಿಗೆ, ಮುಖ್ಯವಾಗಿ ಹಳ್ಳಿಗರಿಗೆ, ರಾಷ್ಟ್ರಭಾಷೆಯೇ ಬಾರದು. ಹೆಚ್ಚುಕಡಿಮೆ ಅಷ್ಟೇ ಮಂದಿ ಅದರಲ್ಲಿ ಎಡೆಬಿಡದೆ ಸಂಭಾಷಿಸಲಾರರು. ಶುದ್ಧವಾಗಿ ಮಾತನಾಡಬಲ್ಲವರು 30 ಲಕ್ಷಕ್ಕೆ ಮೀರರು. ಪಾಟ್ಸ್‌ಡ್ಯಾಮಿನ ದೊರೆಗೆ ಬರುತ್ತಿದ್ದ ಭಾಷೆಯು ಬ್ರಿಟನಿಯ ರೈತನಿಗೆ ಬರುತ್ತಿರಲಿಲ್ಲ. ಸಾರ್ವತ್ರಿಕವೆಂಬ ವಿಶೇಷಣವು ಯೂರೋಪಿನ ಮೇಲ್ವರ್ಗವನ್ನು ಅಡ್ಡಲಾಗಿ ವ್ಯಾಪಿಸಿದ್ದಿತೇ ಹೊರತು, ಫ್ರಾನ್ಸಿನಲ್ಲಿಯೂ ಕೆಳಕ್ಕೆ ಇಳಿದಿರಲಿಲ್ಲ. ಗ್ರೆಗ್ವಾರನು ಸೂಚಿಸಿದ ಪರಿಹಾರವು ದೇಶ್ಯ ಭಾಷೆಗಳ ನಿರ್ಮೂಲನವಾಗಿದ್ದಿತು; ಅದರ ವ್ಯಥೆಯು ಬೇರೊಂದು ಪ್ರಕರಣ.

ಉಳಿದುದು ಮೂರನೆಯ ಪ್ರಶ್ನೆ. 1767ರಲ್ಲಿಯೇ ಡೇವಿಡ್ ಹ್ಯೂಮನು, ಫ್ರೆಂಚಿನಲ್ಲಿ ಇತಿಹಾಸವನ್ನು ಬರೆಯಲು ತೊಡಗಿದ್ದ ಗಿಬ್ಬನನಿಗೆ ಪತ್ರ ಬರೆದು, ಅಮೆರಿಕದಲ್ಲಿ ಬೇರೂರುತ್ತಿರುವ ನೆಲೆಗಳಿಂದ ಇಂಗ್ಲಿಷಿಗೇ ಹೆಚ್ಚಿನ ಬಾಳಿಕೆಯೆಂದು ಎಚ್ಚರಿಸಿದ್ದನು. ಗಿಬ್ಬನನು ತನ್ನ ರೋಮ್ ಚರಿತ್ರೆಯನ್ನು ಇಂಗ್ಲಿಷಿನಲ್ಲಿಯೇ ಬರೆದನು. ರಿವರೋಲನು 1792ರಲ್ಲಿ ಕ್ರಾಂತಿಗೆ ಹೆದರಿ ದೇಶವನ್ನು ಬಿಟ್ಟು, ಹಾಂಬುರ್ಗಿನಲ್ಲಿ ಒಂದು ಫ್ರೆಂಚು ಕೋಶಕ್ಕೆ ತೊಡಗಿ, 1797ರಲ್ಲಿ ಅದರ ಪೀಠಿಕೆಯನ್ನಷ್ಟೇ ಪ್ರಕಟಿಸಿ, 1801ರಲ್ಲಿ ಬರ್ಲಿನ್ನಿನಲ್ಲಿಯೇ ತೀರಿಕೊಂಡನು. 1807–08ರ ಚಳಿಗಾಲದಲ್ಲಿ, ನೆಪೋಲಿಯನ್ನನ ದಂಡು ಬರ್ಲಿನ್ನನ್ನು ಆಕ್ರಮಿಸಿಕೊಂಡಿದ್ದಾಗ, ಅದೇ ವಿದ್ವತ್ಸಭೆಯ ಕಟ್ಟಡದಲ್ಲಿ ಫಿಕ್ಟೆಯು ಜರ್ಮನ್ ಜನಾಂಗವನ್ನುದ್ದೇಶಿಸಿ ಜರ್ಮನ್ನಿನಲ್ಲಿ ಉಪನ್ಯಾಸಗಳನ್ನು ಕೊಟ್ಟನು.

ರಾಯಭಾರದಲ್ಲಿ ಮಾತ್ರ ಫ್ರೆಂಚು ಬಹುಕಾಲ ನಿಂತಿತು, ಆದರೆ ಒಂದು ಷರತ್ತಿನೊಡನೆ. 1714ರ ರಾಷ್ಟಾಟ್ ಸಂಧಿಪತ್ರವು ಫ್ರೆಂಚಿನಲ್ಲಿ ಬರೆಯಲ್ಪಟ್ಟಾಗ, ಇದನ್ನು ಮುಂದಕ್ಕೆ ಮಾದರಿಯೆಂದು ಎಣಿಸಕೂಡದೆಂಬ ಪ್ರತ್ಯೇಕ ಕಲಮನ್ನು ಅದಕ್ಕೆ ಸೇರಿಸಿದ್ದರು. 1748ರಲ್ಲಿಯೂ 1763ರಲ್ಲಿಯೂ ಅದೇ ಕಲಮು ಮತ್ತೆ ಬಂದಿತು. ನೆಪೋಲಿಯನ್ನನನ್ನು ಸೋಲಿಸಿದ ರಾಷ್ಟ್ರಗಳು 1815ರಲ್ಲಿ ವಿಯನ್ನದ ಒಡಂಬಡಿಕೆಯನ್ನು ಸೋತವನ ಭಾಷೆಯಲ್ಲಿಯೇ ಬರೆದು, 120ನೆಯ ವಿಧಿಯಲ್ಲಿ ಆ ಷರತ್ತನ್ನು ಮತ್ತೊಮ್ಮೆ ನಮೂದಿಸಿದುವು. 1919ರಲ್ಲಿ ವರ್ಸೇಲ್ಸ್ ನಗರದಲ್ಲಿ ಜರ್ಮನಿಯೊಡನೆ ಆದ ಒಪ್ಪಂದದಲ್ಲಿ ಫ್ರೆಂಚು, ಇಂಗ್ಲಿಷ್ ಎರಡು ಪಾಠಗಳೂ ಸಮಾನವಾಗಿ ಪ್ರಮಾಣವೆಂದು ಅಂಗೀಕೃತವಾದುವು.