ನೂರು ಪದಗಳ ಕತೆ, ಸಾವಿರ ವರ್ಷಗಳ ಹಾದಿ

ಹನಿಗತೆ, ಮಿನಿಗತೆ, ನ್ಯಾನೋ ಕತೆ ಎಂಬ ಹೆಸರುಗಳು ಇಂದು ನಮ್ಮ ಕಿವಿಗೆ ಹೊಸತಲ್ಲ. ನೂರು ಪದಗಳನ್ನು ಮೀರದಂತೆ ಒಂದು ಕತೆ ಬರೆಯಿರಿ ಎಂದು ಪತ್ರಿಕೆಗಳು ಕರೆ ಕೊಡುತ್ತವೆ. ಮಕ್ಕಳು ಉತ್ಸಾಹದಿಂದ ಬರೆಯುತ್ತಾರೆ. ಹಿರಿಯರು ಇದನ್ನು ಅವಸರದ ಕಾಲದ ಆಟವೆಂದು ನಕ್ಕು ಸುಮ್ಮನಾಗುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಟೀವ್ ಮಾಸ್ ಎಂಬ ಪತ್ರಿಕಾ ಸಂಪಾದಕರು 1987ರಲ್ಲಿ ಐವತ್ತೈದು ಪದಗಳ ಕಥಾಸ್ಪರ್ಧೆಯನ್ನು ಆರಂಭಿಸಿದರು. ಅದಕ್ಕೂ ಮೊದಲು, 1959ರಲ್ಲಿ, ಗ್ವಾಟೆಮಾಲಾದ ಲೇಖಕ ಅಗಸ್ಟೊ ಮಾಂಟೆರೊಸೊ ಸ್ಪ್ಯಾನಿಷ್ ಭಾಷೆಯಲ್ಲಿ ಕೇವಲ ಏಳು ಪದಗಳ ಕತೆಯೊಂದನ್ನು ಪ್ರಕಟಿಸಿದ್ದರು. ಇವುಗಳನ್ನು ಕೇಳಿದವರಿಗೆ ಈ ಪದ್ಧತಿ ಹೊರಗಿನಿಂದ ಬಂದದ್ದೆಂದು ತೋರುವುದು ಸಹಜ. ಆದರೆ ಕಿರಿದಾದ ಜಾಗದಲ್ಲಿ ಇಡೀ ಬದುಕನ್ನು ಹೇಳುವ ಕಲೆ ನಮ್ಮ ನೆಲದಲ್ಲಿ ಬಹಳ ಹಳೆಯದು. ನೀರಮಾನ್ವಿಯಲ್ಲಿ ಕುಳಿತು ಅದರ ಮೂಲವನ್ನು ಅರಸುವವರು ದೂರ ಹೋಗಬೇಕಾಗಿಲ್ಲ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಿಂದಲೇ ಆರಂಭಿಸಬಹುದು.

ಬಂಡೆಯ ಮೇಲಿನ ಮಿತಿ

1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಎಂಬವರು ಮಸ್ಕಿಯಲ್ಲಿ ಒಂದು ಬಂಡೆಬರಹವನ್ನು ಕಂಡರು. ಅದು ಕ್ರಿಸ್ತಪೂರ್ವ ಮೂರನೆಯ ಶತಮಾನದ್ದು; ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ದೇವಾನಾಂಪ್ರಿಯನೆಂಬ ಬಿರುದಿನಿಂದ ಮಾತ್ರ ತಿಳಿದಿದ್ದ ಅರಸನು ಅಶೋಕನೇ ಎಂಬುದು ಆ ಬರಹದಿಂದ ಖಚಿತವಾಯಿತು. ಆ ಚಿಕ್ಕ ಶಾಸನದ ತಿರುಳು ಇಷ್ಟೇ: ಉನ್ನತ ಗತಿ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಧರ್ಮದಲ್ಲಿ ನಡೆಯುವ ಸಣ್ಣವರಿಗೂ ಅದು ದೊರೆಯುತ್ತದೆ.

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನಗಳಲ್ಲಿ ಹದಿನಾಲ್ಕನೆಯದೂ ಸೇರಿದೆ. ತನ್ನ ಬರಹಗಳು ಕೆಲವೆಡೆ ಸಂಕ್ಷೇಪವಾಗಿ, ಕೆಲವೆಡೆ ಮಧ್ಯಮವಾಗಿ, ಕೆಲವೆಡೆ ವಿಸ್ತಾರವಾಗಿ ಇವೆ ಎಂದು ಅರಸನು ಆ ಶಾಸನದಲ್ಲಿ ತಾನೇ ಹೇಳಿಸಿದ್ದಾನೆ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಬರಹದ ಅಳತೆಯ ಬಗ್ಗೆ ಇಷ್ಟು ಸ್ಪಷ್ಟವಾದ ಅರಿವಿತ್ತು.

ಕ್ರಿಸ್ತಶಕ 850ರ ಸುಮಾರಿಗೆ ರಾಷ್ಟ್ರಕೂಟರ ಆಸ್ಥಾನದಲ್ಲಿ ರಚಿತವಾದ 'ಕವಿರಾಜಮಾರ್ಗ'ವು ಕಡಿಮೆ ಮಾತಿನಲ್ಲಿ ಹೆಚ್ಚಿನ ಅರ್ಥವನ್ನು ತಿಳಿಸಬಲ್ಲವನನ್ನು ಮೆಚ್ಚಿ ನುಡಿಯಿತು. ಆ ಅರಸರ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಇದೇ ಕಲಬುರಗಿ ಜಿಲ್ಲೆಯಲ್ಲಿದೆ.

ವೀರಗಲ್ಲೆಂಬ ಪುಟ್ಟ ಕತೆ

ಆದರೂ ಪುಟ್ಟ ಕತೆಯ ನಿಜವಾದ ಪೂರ್ವಜ ಯಾರೆಂದು ಕೇಳಿದರೆ ನಾವು ಊರ ಹೊರಗಿನ ವೀರಗಲ್ಲಿನ ಮುಂದೆ ನಿಲ್ಲಬೇಕು. ಸಾಮಾನ್ಯವಾಗಿ ಅದರಲ್ಲಿ ಮೂರು ಅಂತಸ್ತುಗಳಿರುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು, ಮೇಲೆ ದೇವಸನ್ನಿಧಿ. ಈ ಅಂತಸ್ತುಗಳ ನಡುವಿನ ಕಿರಿದಾದ ಪಟ್ಟಿಯಲ್ಲಿ ಅಕ್ಷರಗಳನ್ನು ಕೊರೆಯಬೇಕು. ಬರೆಯುವವನಿಗೆ ಅದಕ್ಕಿಂತ ಹೆಚ್ಚಿನ ಜಾಗವಿಲ್ಲ. ಪ್ರತಿ ಅಕ್ಷರಕ್ಕೂ ಉಳಿಯ ಪೆಟ್ಟು ಬೀಳಬೇಕು. ಆದ್ದರಿಂದ ಒಂದೊಂದು ಪದಕ್ಕೂ ಹೆಚ್ಚಿನ ಹೊರೆ ಬಂದಿತು. 'ತುರುಗೊಳ್' ಎಂದರೆ ಸಾಕು, ದನಗಳ ಹಿಂಡನ್ನು ಶತ್ರುಗಳು ಅಟ್ಟಿಕೊಂಡು ಹೋದದ್ದು ತಿಳಿಯುತ್ತದೆ. 'ಊರಳಿವು' ಎಂದರೆ ಸಾಕು, ಹಾಳಾದ ಹಳ್ಳಿ ಕಣ್ಣಿಗೆ ಕಟ್ಟುತ್ತದೆ.

ಇವುಗಳಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಮನಮುಟ್ಟುವಂಥದ್ದು. ಅದರ ಕಾಲ ಕ್ರಿಸ್ತಶಕ 949-50. ತಕ್ಕೋಲದ ಯುದ್ಧದ ಕಾಲದಲ್ಲಿ ಮಣಲೇರನೆಂಬ ವೀರನ ಪರಾಕ್ರಮಕ್ಕೆ ಅರಸನು ಮೆಚ್ಚಿ, ಬೇಕಾದುದನ್ನು ಕೇಳು ಎಂದನು. ಅವನು ಕೇಳಿದ್ದು 'ಕಾಳಿ' ಎಂಬ ನಾಯಿಯನ್ನು. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಡಲಾಯಿತು. ಮಣಲೇರನಿಗೆ ಆ ನಾಯಿಯ ಮೇಲೆ ಎಷ್ಟು ಪ್ರೀತಿಯಿತ್ತೆಂದು ಕಲ್ಲು ವರ್ಣಿಸುವುದಿಲ್ಲ. ಭೂಮಿ, ವಸ್ತ್ರ, ಪದವಿಗಳನ್ನು ಬಿಟ್ಟು ನಾಯಿಯನ್ನು ಕೇಳಿದನೆಂದಾಗಲೇ ಎಲ್ಲವನ್ನೂ ಹೇಳಿದಂತಾಯಿತು. ಉತ್ತಮ ಪುಟ್ಟ ಕತೆಯ ಗುಟ್ಟು ಇದೇ: ಭಾವವನ್ನು ಓದುಗನಿಗೆ ಬಿಟ್ಟು, ಕೃತ್ಯವನ್ನು ಮಾತ್ರ ಹೇಳುವುದು.

ಮತ್ತೊಂದು ಸಂಗತಿಯನ್ನೂ ಇಲ್ಲಿ ಗಮನಿಸಬೇಕು. ಆ ಕಾಲದ ಮಹಾಕಾವ್ಯಗಳು ಬಹುಮಟ್ಟಿಗೆ ತೀರ್ಥಂಕರರ, ಚಕ್ರವರ್ತಿಗಳ, ಅರಸರ ಚರಿತ್ರೆಗಳು. ಊರ ದನಗಳನ್ನು ಮರಳಿಸಲು ಹೋಗಿ ಸತ್ತ ಸಾಮಾನ್ಯನಿಗೆ ಅಲ್ಲಿ ಸ್ಥಳವಿರಲಿಲ್ಲ. ಅವನ ಹೆಸರು ಉಳಿದದ್ದು ಈ ನಾಲ್ಕು ಸಾಲುಗಳಲ್ಲಿ. ಸಂಕ್ಷಿಪ್ತತೆಯೇ ಬಡವನನ್ನು ಇತಿಹಾಸದ ಒಳಗೆ ಕರೆತಂದ ಬಾಗಿಲಾಯಿತು.

ಶುಭಸಂದೇಶದ ಸಾಮತಿಗಳನ್ನು ಬಲ್ಲ ನಮಗೆ ಇದು ಪರಿಚಿತ ಸತ್ಯ. ಸಂತ ಮತ್ತಾಯನಲ್ಲಿ ಹಿಟ್ಟಿಗೆ ಹುಳಿ ಬೆರೆಸಿದ ಹೆಂಗಸಿನ ಕತೆ ಒಂದೇ ವಾಕ್ಯದ್ದು. ಸಂತ ಲೂಕನಲ್ಲಿ ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸಿದವಳ ಕತೆಯೂ ಮೂರು ವಚನಗಳನ್ನು ಮೀರುವುದಿಲ್ಲ. ಅಲ್ಲಿಯೂ ಪಾತ್ರಗಳು ಸಣ್ಣವರೇ, ಕತೆಗಳೂ ಸಣ್ಣವೇ.

ಕನ್ನಡದ ಎಣಿಕೆ

ಇಂದು ಬರೆಯುವವರಿಗೆ ಒಂದು ತೊಡಕಿದೆ. ಇಂಗ್ಲಿಷಿನಂತೆ ಪದಗಳನ್ನು ಎಣಿಸಿದರೆ ಕನ್ನಡದ ಲೆಕ್ಕ ಸರಿಹೋಗದು. 'ಬರಲಾರೆನೆಂದಳು' ಎಂಬುದು ನಮ್ಮಲ್ಲಿ ಒಂದೇ ಪದ. ಅದರೊಳಗೆ ಕರೆಯನ್ನು ಒಲ್ಲೆನೆಂದ ಮಾತೂ ಇದೆ, ಆಡಿದವಳು ಹೆಣ್ಣೆಂಬುದೂ ಇದೆ. ವಿಭಕ್ತಿ, ಸಂಧಿ, ಕ್ರಿಯಾಪದದ ಪ್ರತ್ಯಯಗಳಿಂದ ಕನ್ನಡದ ನೂರು ಪದಗಳು ಇಂಗ್ಲಿಷಿನ ನೂರಕ್ಕಿಂತ ಹೆಚ್ಚು ಹೇಳಬಲ್ಲವು.

ನಮ್ಮ ಹಿರಿಯರು ಎಣಿಸಿದ್ದು ಮಾತ್ರೆಗಳನ್ನು. ನಮ್ಮ ನೆರೆಯ ಮಾನ್ವಿಯ ಜಗನ್ನಾಥದಾಸರು (1728-1809) 'ಹರಿಕಥಾಮೃತಸಾರ'ವನ್ನು ಭಾಮಿನಿ ಷಟ್ಪದಿಯಲ್ಲಿ ರಚಿಸಿದರು. ಆ ಛಂದಸ್ಸಿನ ಆರು ಸಾಲುಗಳಲ್ಲಿ ನಾಲ್ಕಕ್ಕೆ ಹದಿನಾಲ್ಕು ಮಾತ್ರೆಗಳಂತೆ, ಮೂರನೆಯ ಮತ್ತು ಆರನೆಯ ಸಾಲುಗಳಿಗೆ ಇಪ್ಪತ್ತಮೂರರಂತೆ, ಒಟ್ಟು ನೂರ ಎರಡು ಮಾತ್ರೆಗಳು. ಅದರೊಳಗೆ ಒಂದು ವಿಚಾರ ಮುಗಿಯಬೇಕು. ಅದು ಕತೆಯಲ್ಲದಿದ್ದರೂ ಮಿತಿಗೆ ಒಗ್ಗಿದ ಮನಸ್ಸಿನ ಶಿಸ್ತನ್ನು ತೋರಿಸುತ್ತದೆ.

ಪಂಜೆ ಮಂಗೇಶರಾಯರು 1900ರ ಸುಮಾರಿಗೆ ಮಂಗಳೂರಿನ 'ಸುವಾಸಿನಿ' ಪತ್ರಿಕೆಯಲ್ಲಿ ಸಣ್ಣ ಕತೆಗಳನ್ನು ಬರೆದಾಗ ಮುದ್ರಿತ ಪುಟದ ಮಿತಿಯೂ ಕನ್ನಡಕ್ಕೆ ಬಂದಿತು. ಪದಕ್ಕಿಷ್ಟೆಂದು ಹಣ ತೆತ್ತು ಕಳುಹಿಸುತ್ತಿದ್ದ ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಆದರೆ 'ತಂತಿ ಬಂತು' ಎಂಬ ಎರಡು ಪದಗಳಿಗೇ ಮನೆಮಂದಿಯ ಎದೆ ನಡುಗುತ್ತಿದ್ದ ಕಾಲವನ್ನು ಹಿರಿಯರು ಇನ್ನೂ ಮರೆತಿಲ್ಲ.

ನಮ್ಮ ಮನೆಯ ಕತೆ

ಚುಟುಕಾಗಿ ಬರೆದುದೆಲ್ಲ ಕತೆಯಾಗದು. ಕೊನೆಯಲ್ಲಿ ಓದುಗನನ್ನು ಬೆಚ್ಚಿಬೀಳಿಸುವುದೇ ಗುರಿಯಾದರೆ ಅದು ಒಗಟಾಗಿ ಉಳಿಯುತ್ತದೆ. ವೀರಗಲ್ಲು ನಮಗೆ ಕಲಿಸುವುದು ಬೇರೆ: ಯಾರ ಹೆಸರು ಅಳಿದುಹೋಗಬಾರದೋ ಅವರಿಗಾಗಿ ಬರೆಯಬೇಕು.

ನಮ್ಮ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷಗಳಲ್ಲಿ ಮನೆಗೆ ಬೀಗ ಹಾಕಿ ಗುಳೆ ಹೋದವರೆಷ್ಟೋ ಮಂದಿ. ಪರವೂರಿನಲ್ಲಿ ಕಲ್ಲು ಹೊತ್ತು, ಮಣ್ಣು ಹೊತ್ತು ಮಕ್ಕಳನ್ನು ಓದಿಸಿದ ತಾಯಂದಿರೆಷ್ಟೋ ಮಂದಿ. ಅವರ ಚರಿತ್ರೆಯನ್ನು ಯಾವ ಗ್ರಂಥವೂ ಬರೆದಿಲ್ಲ. ಚರ್ಚಿನ ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಹೆಸರು, ತಂದೆತಾಯಿ, ದಿನಾಂಕ ಎಂದು ಒಂದು ಸಾಲು ಉಳಿದಿರಬಹುದು. ಆ ಸಾಲಿಗೂ ಮಣ್ಣಾಗುವ ದಿನಕ್ಕೂ ನಡುವೆ ನಡೆದದ್ದನ್ನು ಬಲ್ಲವರು ಮನೆಯವರೇ.

ಆದುದರಿಂದ ಪ್ರತಿ ಕುಟುಂಬವೂ ತನ್ನ ಅಜ್ಜ ಅಜ್ಜಿಯರಲ್ಲಿ ಒಬ್ಬರ ಬಗ್ಗೆ ನೂರು ಪದಗಳನ್ನು ಬರೆದಿಡಲಿ. ಹೊಗಳಿಕೆ ಬೇಡ, ಅವರು ಮಾಡಿದ ಒಂದು ಕೆಲಸ, ಆಡಿದ ಒಂದು ಮಾತು, ಬಿಟ್ಟುಕೊಟ್ಟ ಒಂದು ವಸ್ತು ಸಾಕು. ಗ್ರಂಥ ಬರೆಯಲು ನಮಗೆ ಬಿಡುವಿಲ್ಲದಿರಬಹುದು. ನೂರು ಪದಗಳಿಗೆ ಒಂದು ಸಂಜೆ ಸಾಕಾಗುತ್ತದೆ. ಕೇಳಿ ಬರೆದುಕೊಳ್ಳಬೇಕಾದ ಹಿರಿಯರು ನಮ್ಮೊಡನೆ ಇರುವಾಗಲೇ ಆ ಸಂಜೆ ಬರಲಿ.