ಸ್ಪೋರ್ಟ್ಸ್ ಕಾರಿನ ಉಸಿರಾಟ: ಮಾರ್ಪಡಿಸಿದ ಕೊಳವೆಗಳ ಪ್ರಯೋಜನವನ್ನು ಕುರಿತು ಒಂದು ಐತಿಹಾಸಿಕ ವಿಚಾರ

ಕಾರ್ಖಾನೆಯಿಂದ ಹೊರಬಂದ ಸ್ಪೋರ್ಟ್ಸ್ ಕಾರಿನ ಎಂಜಿನ್ನಿಗೆ ಗಾಳಿಯನ್ನು ತರುವ ಮಾರ್ಗವನ್ನೂ, ಅದರ ಹೊಗೆಯನ್ನು ಹೊರಗೊಯ್ಯುವ ಕೊಳವೆ ಮತ್ತು ಸೈಲೆನ್ಸರುಗಳನ್ನೂ ತೆಗೆದು, ಅನ್ಯರು ತಯಾರಿಸಿದವನ್ನು ಜೋಡಿಸುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಇದರಿಂದ ಕಾರು ನಿಜವಾಗಿ ಉತ್ತಮಗೊಳ್ಳುತ್ತದೆಯೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಯಂತ್ರಶಾಸ್ತ್ರಜ್ಞರಿಗೇ ಬಿಟ್ಟುಬಿಡುವುದು ವಾಡಿಕೆ. ಆದರೆ ಈ ವಿಷಯದಲ್ಲಿ ದೊರೆಯುವ ಸಾಕ್ಷ್ಯಗಳ ಸ್ವರೂಪವನ್ನು ಗಮನಿಸಿದರೆ, ಇದು ಇತಿಹಾಸದ ವಿದ್ಯಾರ್ಥಿಗೂ ಸಂಬಂಧಪಟ್ಟುದೆಂದು ತೋರುತ್ತದೆ. ಮಾರುವವನ ಜಾಹೀರಾತು, ಕೊಂಡವನ ಅನುಭವ, ಮಾಪನಯಂತ್ರದ ಅಂಕಿ ಎಂಬ ಮೂರು ಬಗೆಯ ಸಾಕ್ಷಿಗಳು ಇಲ್ಲಿವೆ. ಇವು ಒಂದೇ ಮಾತನ್ನು ಹೇಳುವುದಿಲ್ಲ. ಇವುಗಳಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದೇ ಪ್ರಕೃತ ಲೇಖನದ ವಿಚಾರ.

ಮೊದಲು ತತ್ತ್ವವನ್ನು ಸಂಗ್ರಹವಾಗಿ ಹೇಳಬಹುದು. 1876ರಲ್ಲಿ ಜರ್ಮನಿಯ ಆಟೋ ರೂಪಿಸಿದ ನಾಲ್ಕು ಹೊಡೆತಗಳ ಎಂಜಿನ್ನು ಒಂದು ಹೊಡೆತದಲ್ಲಿ ಗಾಳಿ ಮತ್ತು ಇಂಧನಗಳನ್ನು ಒಳಕ್ಕೆಳೆದು, ಎರಡನೆಯದರಲ್ಲಿ ಒತ್ತಿ, ಮೂರನೆಯದರಲ್ಲಿ ಉರಿಸಿ, ನಾಲ್ಕನೆಯದರಲ್ಲಿ ಹೊಗೆಯನ್ನು ಹೊರದೂಡುತ್ತದೆ. ಎಷ್ಟು ಗಾಳಿ ಒಳಬಂದಿತೋ ಅಷ್ಟಕ್ಕೆ ತಕ್ಕ ಇಂಧನ ಮಾತ್ರ ಉರಿಯಬಲ್ಲುದು. ಆದುದರಿಂದ ಒಳಮಾರ್ಗದ ಅಡ್ಡಿಯನ್ನು ತಗ್ಗಿಸಿದರೆ ಹೆಚ್ಚು ಗಾಳಿಯೂ, ಹೊರಮಾರ್ಗದ ಅಡ್ಡಿಯನ್ನು ತಗ್ಗಿಸಿದರೆ ಹಳೆಯ ಹೊಗೆಯು ಉಳಿಯದೆ ಹೊಸ ಗಾಳಿಗೆ ಸ್ಥಳವೂ ದೊರೆಯುತ್ತವೆ. ತತ್ತ್ವದಲ್ಲಿ ದೋಷವಿಲ್ಲ. ಅಡ್ಡಿಯು ನಿಜವಾಗಿ ಎಲ್ಲಿದೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಅಮೆರಿಕೆಯ ಕ್ಯಾಲಿಫೋರ್ನಿಯದ ಅನುಭವವು ಒಳ್ಳೆಯ ನಿದರ್ಶನವಾಗಿದೆ. 1932ರಲ್ಲಿ ಫೋರ್ಡ್ ಕಂಪನಿಯು ಎಂಟು ಸಿಲಿಂಡರುಗಳ ಎಂಜಿನ್ನನ್ನು ಸಾಮಾನ್ಯ ಜನರಿಗೆ ಎಟಕುವ ಬೆಲೆಯಲ್ಲಿ ಒದಗಿಸಿತು. ಅದರ ಸಾಮರ್ಥ್ಯ 65 ಅಶ್ವಶಕ್ತಿ. ಲಾಸ್ ಏಂಜಲೀಸಿನಲ್ಲಿ ಕಾರು ದುರಸ್ತಿಯ ಕೆಲಸ ಮಾಡುತ್ತಿದ್ದ ವಿಕ್ ಎಡೆಲ್‌ಬ್ರಾಕ್ ಎಂಬುವನು ಆ ದಶಕದ ಕೊನೆಯಲ್ಲಿ ತನ್ನ ಫೋರ್ಡ್ ಕಾರಿಗಾಗಿ ಎರಡು ಕಾರ್ಬ್ಯುರೇಟರುಗಳನ್ನು ಹೊರುವ ಹೊಸ ಒಳಕೊಳವೆಯನ್ನು ರಚಿಸಿದನು. ಇತರರೂ ಅದನ್ನು ಬಯಸಿದುದರಿಂದ ಅದೇ ಅವನ ಉದ್ಯಮಕ್ಕೆ ಮೂಲವಾಯಿತು. ಇಲ್ಲಿ ಲಾಭವು ನಿಜವಾದುದೇ. ಏಕೆಂದರೆ ಅಗ್ಗದ ಬೆಲೆಗಾಗಿ ತಯಾರಕರು ಉಳಿಸಿದ್ದ ಇಕ್ಕಟ್ಟು ಅಲ್ಲಿಯೇ ಇದ್ದಿತು. ಆದರೆ ಆ ಎಂಜಿನ್ನಿನಲ್ಲಿ ಬಿಸಿ ಹೊಗೆಯು ಸಿಲಿಂಡರುಗಳ ನಡುವೆ, ಎರಕದ ಒಡಲೊಳಗೇ ಹಾದು ಹೊರಬರಬೇಕಾಗಿತ್ತು. ಹೊರಗಡೆ ಎಂತಹ ಕೊಳವೆಯನ್ನು ಜೋಡಿಸಿದರೂ ಆ ಒಳಗಿನ ದಾರಿಯು ಬದಲಾಗುತ್ತಿರಲಿಲ್ಲ.

ಇಂಗ್ಲೆಂಡಿನಲ್ಲಿ ತಯಾರಕರೇ ಈ ವಿದ್ಯೆಯನ್ನು ಬೋಧಿಸಿದುದುಂಟು. 1945ರಿಂದ 1949ರವರೆಗೆ ತಯಾರಾದ ಎಂ.ಜಿ. ಟಿ.ಸಿ. ಕಾರಿನ 1250 ಘನ ಸೆಂಟಿಮೀಟರಿನ ಎಂಜಿನ್ನು ಸುಮಾರು 54 ಅಶ್ವಶಕ್ತಿಯನ್ನು ಕೊಡುತ್ತಿತ್ತು. ಅದನ್ನು ಹೆಚ್ಚಿಸಬಯಸುವವರಿಗಾಗಿ ಅಬಿಂಗ್‌ಡನ್ನಿನ ಆ ಕಾರ್ಖಾನೆಯು ಒಂದು ಕೈಪಿಡಿಯನ್ನೇ ಪ್ರಕಟಿಸಿತು. ಅದರಲ್ಲಿ ಮಾರ್ಪಾಟುಗಳನ್ನು ಬಿಡಿಬಿಡಿಯಾಗಿ ಹೇಳದೆ ಹಂತಹಂತವಾಗಿ ವಿಂಗಡಿಸಿದುದು ಅರ್ಥಗರ್ಭಿತವಾಗಿದೆ. ಒಂದು ಅಂಗವನ್ನು ಬದಲಾಯಿಸಿದರೆ ಅದಕ್ಕೆ ಹೊಂದುವಂತೆ ಮತ್ತೊಂದನ್ನೂ ಬದಲಾಯಿಸಬೇಕೆಂಬುದು ಅದರ ಇಂಗಿತ.

ಇಟಲಿಯ ಕಾರ್ಲೊ ಅಬಾರ್ತ್‌ನ ಚರಿತ್ರೆಯು ಇದೇ ಮಾತನ್ನು ಸಮರ್ಥಿಸುತ್ತದೆ. ವಿಯೆನ್ನಾದಲ್ಲಿ ಹುಟ್ಟಿದ ಈತನು 1949ರಲ್ಲಿ ಸ್ಥಾಪಿಸಿದ ಸಂಸ್ಥೆಯು ಚೇಳಿನ ಗುರುತಿನ ಹೊಗೆಕೊಳವೆಗಳಿಂದ ಪ್ರಸಿದ್ಧವಾಯಿತು. ಆದರೆ 1963ರಲ್ಲಿ ಪುಟ್ಟ ಫಿಯಟ್ 500 ಕಾರನ್ನು ಆತನು 595 ಎಂಬ ಹೆಸರಿನಿಂದ ವೇಗದ ಕಾರನ್ನಾಗಿ ಮಾಡಿದಾಗ ಕೊಳವೆಯೊಂದನ್ನೇ ನಂಬಲಿಲ್ಲ. ಮೂಲ ಕಾರಿನ 499 ಘನ ಸೆಂಟಿಮೀಟರಿನ ಎಂಜಿನ್ನಿಗೆ ಸುಮಾರು 18 ಅಶ್ವಶಕ್ತಿ; ಅಬಾರ್ತ್‌ನ 594 ಘನ ಸೆಂಟಿಮೀಟರಿನ ಎಂಜಿನ್ನಿಗೆ 27. ಗಾತ್ರದ ಹೆಚ್ಚಳದಿಂದಲೇ ಸ್ಥೂಲವಾಗಿ ಮೂರೂವರೆ ಅಶ್ವಶಕ್ತಿ ಬರಬೇಕು. ಉಳಿದ ಐದೂವರೆಯನ್ನು ಒತ್ತಡದ ಪ್ರಮಾಣ, ಕಾರ್ಬ್ಯುರೇಟರು, ಹೊಗೆಕೊಳವೆ ಮೊದಲಾದವು ಹಂಚಿಕೊಳ್ಳಬೇಕಾಗುತ್ತದೆ. ಮನೆಮಾತಾದುದು ಕೊಳವೆ, ಕೆಲಸ ಮಾಡಿದುದು ಸಮಗ್ರ ಮಾರ್ಪಾಟು.

ಮಿನಿ ಕೂಪರಿನ ಪ್ರಸಂಗವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1959ರಲ್ಲಿ ಅಲೆಕ್ ಇಸಿಗೋನಿಸ್ ರೂಪಿಸಿದ ಮಿನಿ ಕಾರಿಗೆ 848 ಘನ ಸೆಂಟಿಮೀಟರು, 34 ಅಶ್ವಶಕ್ತಿ. 1961ರ ಕೂಪರಿಗೆ 997 ಘನ ಸೆಂಟಿಮೀಟರು, ಅವಳಿ ಕಾರ್ಬ್ಯುರೇಟರು, 55 ಅಶ್ವಶಕ್ತಿ. ನೂರು ಘನ ಸೆಂಟಿಮೀಟರಿಗೆ 4 ಇದ್ದ ಶಕ್ತಿಯು ಐದೂವರೆಗೆ ಏರಿತೆಂದ ಮೇಲೆ ಉಸಿರಾಟವು ಸುಧಾರಿಸಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಕಾರಿನ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕುಗಳನ್ನೂ ಕೊಟ್ಟರೆಂಬುದನ್ನು ಮರೆಯಲಾಗದು. ಓಡುವ ಶಕ್ತಿಯೊಡನೆ ನಿಲ್ಲುವ ಶಕ್ತಿಯನ್ನೂ ಹೆಚ್ಚಿಸಿದುದರಿಂದಲೇ ಅದು ಉತ್ತಮ ಕಾರಾಯಿತು. ಆ ವಂಶದ ಕಾರುಗಳು 1964, 1965 ಮತ್ತು 1967ರ ಮಾಂಟೆ ಕಾರ್ಲೊ ರ‍್ಯಾಲಿಗಳಲ್ಲಿ ಗೆದ್ದುದಕ್ಕೆ ಈ ಸಮತೋಲವೂ ಒಂದು ಕಾರಣವೆಂದು ಹೇಳಬಹುದು.

ಕೊಳವೆಯು ಅಗಲವಾದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಪರೀಕ್ಷೆಗೆ ನಿಲ್ಲುವುದಿಲ್ಲ. ಕವಾಟವು ತೆರೆದೊಡನೆ ಹೊಗೆಯಲ್ಲಿ ಒತ್ತಡದ ಅಲೆಯೊಂದು ಹುಟ್ಟಿ ಕೊಳವೆಯ ತುದಿಗೆ ಹೋಗಿ, ಕಡಿಮೆ ಒತ್ತಡದ ಅಲೆಯಾಗಿ ಹಿಂದಿರುಗುತ್ತದೆ. ಅದು ಸಕಾಲದಲ್ಲಿ ಬಂದರೆ ಉಳಿದ ಹೊಗೆಯನ್ನು ಎಳೆದು ತೆಗೆಯುತ್ತದೆ. ಬಿಸಿ ಹೊಗೆಯಲ್ಲಿ ಅಲೆಯ ವೇಗವನ್ನು ಸೆಕೆಂಡಿಗೆ 500 ಮೀಟರೆಂದು ಭಾವಿಸೋಣ. ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸುತ್ತಿನ ಮೂರನೆಯ ಒಂದು ಭಾಗಕ್ಕೆ ಹಿಡಿಯುವ ಕಾಲ ಸೆಕೆಂಡಿನ ಮುನ್ನೂರನೆಯ ಒಂದು ಭಾಗ. ಅಷ್ಟರಲ್ಲಿ ಅಲೆಯು ಹೋಗಿ ಬರಬೇಕಾದರೆ ಕೊಳವೆಯ ಉದ್ದ ಸುಮಾರು 83 ಸೆಂಟಿಮೀಟರಿರಬೇಕು. 3000 ಸುತ್ತಿಗಾದರೆ ಅದರ ಎರಡರಷ್ಟು ಬೇಕು. ಅಂದರೆ ಒಂದು ಉದ್ದವು ಒಂದು ವೇಗಕ್ಕೆ ಮಾತ್ರ ಚೆನ್ನಾಗಿ ಹೊಂದುತ್ತದೆ. ಒಳಮಾರ್ಗಕ್ಕೂ ಇದೇ ನ್ಯಾಯ ಸಲ್ಲುತ್ತದೆ. 1960ರ ಕ್ರೈಸ್ಲರ್ 300ಎಫ್ ಕಾರಿನಲ್ಲಿ 30 ಅಂಗುಲದ ಒಳಕೊಳವೆಗಳಿದ್ದ ಎಂಜಿನ್ನು 375 ಅಶ್ವಶಕ್ತಿಯನ್ನೂ, ಅವುಗಳ ಪರಿಣಾಮಕಾರಿ ಉದ್ದವನ್ನು ಅರ್ಧಕ್ಕಿಳಿಸಿದ ಎಂಜಿನ್ನು 400 ಅಶ್ವಶಕ್ತಿಯನ್ನೂ ಕೊಟ್ಟವು; ಆದರೆ ಮಧ್ಯಮ ವೇಗದ ಎಳೆತದಲ್ಲಿ ಉದ್ದನೆಯ ಕೊಳವೆಯೇ ಮೇಲಾಗಿತ್ತು. ಪಂದ್ಯದ ಕಾರಿಗೆ ಲಾಭವಾದುದು ಊರೊಳಗೆ ಓಡುವ ಕಾರಿಗೆ ನಷ್ಟವಾಗಬಹುದು.

ಇನ್ನು ಅಂಕಿಗಳ ವಿಮರ್ಶೆ. ಅಮೆರಿಕೆಯಲ್ಲಿ 1971ರವರೆಗೆ ತಯಾರಕರು ಸಾಮಾನ್ಯವಾಗಿ ಪ್ರಕಟಿಸುತ್ತಿದ್ದುದು ಗಾಳಿಸೋಸುಕ, ಸೈಲೆನ್ಸರು ಮುಂತಾದವುಗಳಿಲ್ಲದೆ ಎಂಜಿನ್ನನ್ನು ಮಾತ್ರ ಅಳೆದು ಪಡೆದ ಒಟ್ಟು ಶಕ್ತಿ. ತರುವಾಯ ಅವೆಲ್ಲ ಜೋಡಣೆಯಾಗಿರುವಾಗಿನ ನಿವ್ವಳ ಶಕ್ತಿಯನ್ನು ಪ್ರಕಟಿಸುವ ಪದ್ಧತಿ ಬಂದಿತು. ಸಂಧಿಕಾಲವಾದ 1971ರಲ್ಲಿ ಷೆವರ್ಲೆ ಕಾರ್ವೆಟ್ ಕಾರಿನ ಸಾಮಾನ್ಯ ಎಂಜಿನ್ನಿಗೆ ಎರಡು ಅಂಕಿಗಳೂ ದೊರೆಯುತ್ತವೆ: ಒಟ್ಟು 270, ನಿವ್ವಳ 210. ನಮ್ಮ ಪ್ರಶ್ನೆಗೆ ಇದಕ್ಕಿಂತ ಬೆಲೆಯುಳ್ಳ ದಾಖಲೆ ಅಪರೂಪ. ಆ 60 ಅಶ್ವಶಕ್ತಿಯ ಅಂತರದಲ್ಲಿ ಸೋಸುಕ, ಸೈಲೆನ್ಸರುಗಳ ಪಾಲಲ್ಲದೆ ಫ್ಯಾನು ಮೊದಲಾದ ಉಪಾಂಗಗಳ ಪಾಲೂ, ಅಳತೆಯ ನಿಯಮಗಳಲ್ಲಿನ ವ್ಯತ್ಯಾಸವೂ ಸೇರಿವೆ. ಕೊಳವೆಯನ್ನು ಬದಲಾಯಿಸಿದವನು ಈ ಅಂತರದ ಒಂದು ಭಾಗವನ್ನು ಮರಳಿ ಪಡೆದಾನೇ ಹೊರತು ಪೂರ್ತಿಯಾಗಿ ಅಲ್ಲ. ಒಳಗಿನ ಕವಾಟ, ಕ್ಯಾಮ್‌ಗಳನ್ನು ಮುಟ್ಟದೆ ಇದಕ್ಕೂ ಮೀರಿದ ಲಾಭವನ್ನು ಸಾರುವ ಜಾಹೀರಾತನ್ನು ಸಂಶಯದಿಂದ ಕಾಣುವುದು ನ್ಯಾಯ.

ಕೊಂಡವನ ಸಾಕ್ಷ್ಯದಲ್ಲಿ ಸುಳ್ಳಿಲ್ಲದಿದ್ದರೂ ಭ್ರಮೆಯ ಸಂಭವವಿದೆ. ಸದ್ದು ಹೆಚ್ಚಿದಾಗ ವೇಗವೂ ಹೆಚ್ಚಿದಂತೆ ಮನಸ್ಸಿಗೆ ತೋರುತ್ತದೆ. ಹಣ ತೆತ್ತವನಿಗೆ ಫಲವನ್ನು ಕಾಣುವ ಆಸೆಯೂ ಇರುತ್ತದೆ. ಶಾಸನದಲ್ಲಿ ರಾಜನ ವಿಜಯಗಳನ್ನು ಓದುವಾಗ ನಾವು ವಹಿಸುವ ಎಚ್ಚರವನ್ನು ಇಲ್ಲಿಯೂ ವಹಿಸಬೇಕು.

ಕಾಲವು ಪ್ರಶ್ನೆಯ ಸ್ವರೂಪವನ್ನೂ ಬದಲಾಯಿಸಿತು. ಅಮೆರಿಕೆಯ 1970ರ ವಾಯುಶುದ್ಧಿ ಕಾಯಿದೆಯ ಬಳಿಕ ಹೊಗೆಯ ಮಾರ್ಗದಲ್ಲಿ ವಿಷಾನಿಲಗಳನ್ನು ಪರಿವರ್ತಿಸುವ ಉಪಕರಣವು ಬಂದಿತು. ವಿದ್ಯುನ್ಮಾನ ನಿಯಂತ್ರಣವು ಗಾಳಿ ಮತ್ತು ಇಂಧನಗಳ ಲೆಕ್ಕವನ್ನು ಕ್ಷಣಕ್ಷಣಕ್ಕೂ ಸರಿಪಡಿಸತೊಡಗಿತು. ಹೀಗಾಗಿ ಹಿಂದೆ ತಯಾರಕರು ಬಿಟ್ಟಿದ್ದ ಸುಲಭ ಲಾಭದ ಬಹುಭಾಗವನ್ನು ಈಗ ಅವರೇ ಪಡೆದುಕೊಂಡಿದ್ದಾರೆ. ನಮ್ಮ ದೇಶದಲ್ಲಿ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ವಾಹನದ ಮಾರ್ಪಾಟಿಗೆ ಮಿತಿ ಹಾಕಿದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಟು ಸಲ್ಲದೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ. ಒಡೆಯನಿಗೆ ಇಂಪೆನಿಸುವ ಸದ್ದು ಬೀದಿಯ ರೋಗಿಗೂ ಓದುವ ವಿದ್ಯಾರ್ಥಿಗೂ ಹಾಗೆನಿಸಲಾರದು.

ಒಟ್ಟಿನಲ್ಲಿ ಹೇಳುವುದಾದರೆ, ಇಕ್ಕಟ್ಟು ಒಳಮಾರ್ಗದಲ್ಲಿಯೋ ಹೊರಮಾರ್ಗದಲ್ಲಿಯೋ ನಿಜವಾಗಿ ಇದ್ದಾಗ, ಉಳಿದ ಅಂಗಗಳನ್ನೂ ಅದಕ್ಕೆ ಹೊಂದಿಸಿದಾಗ, ಕಾರನ್ನು ಓಡಿಸುವ ವೇಗಕ್ಕೆ ಕೊಳವೆಯು ತಕ್ಕುದಾಗಿದ್ದಾಗ ಮಾರ್ಪಾಟು ಫಲಕಾರಿಯಾಗಿದೆ. ಈ ಮೂರರಲ್ಲಿ ಒಂದು ತಪ್ಪಿದರೂ ಫಲವು ಕುಗ್ಗುತ್ತದೆ; ಮೂರೂ ತಪ್ಪಿದರೆ ಉಳಿಯುವುದು ಸದ್ದು ಮಾತ್ರ. ಇದನ್ನು ನಿರ್ಣಯಿಸಲು ಒಂದೇ ಎಂಜಿನ್ನನ್ನು ಒಂದೇ ಸ್ಥಿತಿಯಲ್ಲಿ, ಬದಲಾವಣೆಗೆ ಮುಂಚೆಯೂ ಆಮೇಲೂ ಅಳೆಯಬೇಕು. ಅಂತಹ ಅಳತೆಯಿಲ್ಲದ ಹೇಳಿಕೆಯನ್ನು ಅಭಿಪ್ರಾಯವೆಂದು ಗೌರವಿಸಬಹುದು, ಪ್ರಮಾಣವೆಂದು ಸ್ವೀಕರಿಸಲಾಗದು.